ತಿನ್ನುವ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರುವವರಿಗೆ ಕೊಡಗಿನಲ್ಲಿ ಆನ್‌ಲೈನ್ ಗುಂಪು: ಹೇಗೆ ನಡೆಸಬೇಕು, ಯಾವಾಗ ಡಾಕ್ಟರಿಗೆ ಬಿಡಬೇಕು?

ಬೇತ್ರಿ ಹೊಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಏಳು ಜನ ಸೇರಿ ಒಂದು ಗ್ರೂಪ್ ಮಾಡಿಕೊಳ್ಳಬೇಕು ಅಂತಿದ್ದಾರೆ. ಎಲ್ಲರಿಗೂ 18 ದಾಟಿದೆ. ಇಬ್ಬರಿಗೆ ಅನೊರೆಕ್ಸಿಯಾ (ಊಟ ತೀರಾ ತಗ್ಗಿಸಿ ಸೊರಗುವ ಕಾಯಿಲೆ) ಎಂದು ಮೈಸೂರಿನಲ್ಲಿ ಹೇಳಿದ್ದಾರೆ. ಮೂವರಿಗೆ ಒಮ್ಮೆಲೇ ತಿಂದುಬಿಡುವ ತೊಂದರೆ, ಅದರಲ್ಲಿ ಒಬ್ಬರು ತಿಂದ ಮೇಲೆ ವಾಂತಿ ಮಾಡುತ್ತಾರೆ. ಉಳಿದಿಬ್ಬರು ಸೈಕಿಯಾಟ್ರಿ ಕಡೆ ಹೋಗಿಯೇ ಇಲ್ಲ, ಮನೆಯವರ ಪ್ರಕಾರ ಅವರದ್ದು ಗ್ಯಾಸ್ಟ್ರಿಕ್. ಗ್ರೂಪ್ ನೋಡಿಕೊಳ್ಳುವ ಜವಾಬ್ದಾರಿ ನನಗೆ ಬಂದಿದೆ. ನಾನು ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ.

ಕೇಳಬೇಕಾದದ್ದು ಇಷ್ಟು. ಇಂಥ ಗ್ರೂಪಿನಲ್ಲಿ ಯಾವ ಮಾತಿಗೆ ಜಾಗ ಇರಬೇಕು, ಯಾವುದಕ್ಕೆ ಇರಬಾರದು? ಊಟದ ಹೊತ್ತಿಗೆ ಫೋನಿನಲ್ಲಿ ಜೊತೆ ಕೊಡುವುದು ಎನ್ನುತ್ತಾರಲ್ಲ, ಅದನ್ನು ನಡೆಸುವ ಕ್ರಮ ಏನು? ಯಾವ ಲಕ್ಷಣ ಕಂಡರೆ ಗ್ರೂಪಿನ ಮಾತು ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕು? ನಮ್ಮದು ಚಿಕ್ಕ ಜಿಲ್ಲೆ, ಮನೆಹೆಸರು ಹೇಳಿದರೆ ಯಾವ ಊರು, ಯಾರ ಮಗಳು ಎಲ್ಲ ಗೊತ್ತಾಗಿಬಿಡುತ್ತದೆ. ಅದಕ್ಕೇನು ಮಾಡುವುದು? ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಅದು ಇನ್ನೊಂದು.

ಕೋಟೆಬೆಟ್ಟ

ಬೇತ್ರಿ ಅವರೇ, ಡಾಕ್ಟರ್ ಅಲ್ಲ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಗ್ರೂಪಿನ ವಿವರಣೆಯಲ್ಲೂ ಅದೇ ಮೊದಲ ಸಾಲಾಗಿರಲಿ: ‘ಇದು ಚಿಕಿತ್ಸೆ ಅಲ್ಲ. ಚಿಕಿತ್ಸೆಯ ಜೊತೆಗೆ, ಅಥವಾ ಚಿಕಿತ್ಸೆಗೆ ಹೋಗುವ ತನಕ, ಒಬ್ಬರಿಗೊಬ್ಬರು ಆಸರೆ.’ ಇಂಥ ಗ್ರೂಪಿಗೆ ನಿಜವಾಗಿ ಆಗುವ ಕೆಲಸ ಒಂದೇ. ಊಟದ ಮುಂಚಿನ ಅರ್ಧ ಗಂಟೆ, ಊಟ, ಊಟದ ನಂತರದ ಒಂದು ಗಂಟೆ, ಈ ಹೊತ್ತಿನಲ್ಲಿ ಮನುಷ್ಯರನ್ನು ಒಂಟಿ ಬಿಡದಿರುವುದು. ಉಳಿದ ನಿಯಮ ಎಲ್ಲವೂ ಇದಕ್ಕೆ ಅಡ್ಡಿ ಬಾರದ ಹಾಗೆ ನೋಡಿಕೊಳ್ಳಲು.

ಮೊದಲ ನಿಯಮ, ಅಂಕಿ ಬೇಡ. ತೂಕ, ಸೊಂಟದ ಅಳತೆ, ಬಟ್ಟೆಯ ಸೈಜು, ಕ್ಯಾಲರಿ, ಎಷ್ಟು ಹೊತ್ತಿನಿಂದ ಊಟ ಬಿಟ್ಟಿದ್ದು, ಎಷ್ಟು ಕಿಲೋಮೀಟರ್ ನಡೆದದ್ದು, ಯಾವುದನ್ನೂ ಬರೆಯುವಂತಿಲ್ಲ. ಮೊದಲು ಹೇಗಿದ್ದೆ, ಈಗ ಹೇಗಿದ್ದೇನೆ ಎಂಬ ಫೋಟೋ ಬೇಡ, ತಟ್ಟೆಯ ಫೋಟೋವೂ ಬೇಡ. ಕಾರಣ ಸರಳ. ಈ ಕಾಯಿಲೆ ಹೋಲಿಕೆಯ ಮೇಲೆ ಬದುಕುತ್ತದೆ. ಒಬ್ಬರು ನೋವಿನಿಂದ ಬರೆದ ಅಂಕಿ ಇನ್ನೊಬ್ಬರಿಗೆ ಗುರಿಯಾಗಿಬಿಡುತ್ತದೆ, ‘ನನಗಿನ್ನೂ ಅಷ್ಟು ಜೋರಾಗಿಲ್ಲ, ನನಗೇಕೆ ಸಹಾಯ’ ಎಂದು ಹಿಂದೆ ಸರಿಯುವುದಕ್ಕೂ ಅದೇ ನೆಪವಾಗುತ್ತದೆ. ವಾಂತಿ, ಮಾತ್ರೆ, ಉಪವಾಸ ಇವುಗಳ ವಿಧಾನವನ್ನು ಯಾರೂ ವಿವರಿಸಬಾರದು, ‘ಹೀಗೆ ಮಾಡಬೇಡಿ’ ಎನ್ನುವ ನೆಪದಲ್ಲೂ ಕೂಡದು. ಓದುವವರ ತಲೆಯಲ್ಲಿ ವಿಧಾನ ಉಳಿಯುತ್ತದೆ, ಬೇಡ ಎಂಬ ಮಾತು ಉಳಿಯುವುದಿಲ್ಲ.

ನಿಯಮ ಮುರಿದಾಗ ಏನು ಮಾಡುತ್ತೀರಿ ಎನ್ನುವುದರಲ್ಲಿ ಗ್ರೂಪಿನ ಆಯುಸ್ಸು ಇದೆ. ಮಧ್ಯಾಹ್ನ 12.40ಕ್ಕೆ ಒಬ್ಬರು ಬರೆಯುತ್ತಾರೆ ಅಂದುಕೊಳ್ಳಿ: ‘ಬೆಳಿಗ್ಗೆಯಿಂದ ಇಷ್ಟೇ ತಿಂದಿದ್ದು, ಇನ್ನು ರಾತ್ರಿ ತನಕ ಏನೂ ಬೇಡ.’ ಅಡ್ಮಿನ್ ಆ ಮೆಸೇಜನ್ನು ಯಾರಿಗೂ ಕಾಣದ ಹಾಗೆ ಅಳಿಸಬೇಕು. ಗ್ರೂಪಿನಲ್ಲಿ ಗದರಬಾರದು. ಅದೇ ಐದು ನಿಮಿಷದಲ್ಲಿ ಅವರಿಗೆ ಖಾಸಗಿಯಾಗಿ ಬರೆಯಿರಿ: ‘ಮೆಸೇಜ್ ತೆಗೆದಿದ್ದೇನೆ, ಬೇಜಾರಾಗಬೇಡಿ, ನಿಮ್ಮನ್ನು ತೆಗೆದಿಲ್ಲ. ಮಧ್ಯಾಹ್ನ 1ರ ಊಟದ ಕಾಲ್‌ಗೆ ಬನ್ನಿ. ಗ್ರೂಪಿನಲ್ಲಿ ಹೀಗೆ ಬರೆಯಿರಿ: ಊಟದ ಹೊತ್ತು ಹತ್ತಿರ ಬಂತು, ಭಯ ಆಗ್ತಾ ಇದೆ, ಯಾರಾದರೂ ಜೊತೆಗೆ ಇರ್ತೀರಾ.’ ಬರೀ ಅಳಿಸಿ ಸುಮ್ಮನಾದರೆ ಅವರು ಗ್ರೂಪ್ ಬಿಟ್ಟು ಹೋಗುತ್ತಾರೆ. ಈ ಕಾಯಿಲೆಯಲ್ಲಿ ನಾಚಿಕೆ ಆಗಲೇ ಬೇಕಾದಷ್ಟು ಇರುತ್ತದೆ.

ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರ ಜೊತೆ 20–30 ನಿಮಿಷ ಫೋನಿನಲ್ಲಿ ಮಾತಾಡಿ. ಈಗ ಯಾವ ಡಾಕ್ಟರನ್ನು ನೋಡುತ್ತಿದ್ದಾರೆ? ಕೊನೆಯ ರಕ್ತ ಪರೀಕ್ಷೆ, ಇಸಿಜಿ ಯಾವಾಗ ಆಯಿತು? ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು? ಯಾವ ಮಾತು ಕೇಳಿದರೆ ಹಿಂಸೆ ಆಗುತ್ತದೆ? ಇಷ್ಟು ಗೊತ್ತಿರಲೇಬೇಕು. ತುರ್ತು ನಂಬರ್ ಕೊಡಲು ಒಪ್ಪದವರನ್ನು ಸೇರಿಸಿಕೊಳ್ಳಬೇಡಿ. ಕಠಿಣ ಅನ್ನಿಸಿದರೂ ಸರಿ. ರಾತ್ರಿ ಹನ್ನೊಂದಕ್ಕೆ ‘ತಲೆ ಸುತ್ತಿ ಬಿದ್ದೆ’ ಎಂದು ಮೆಸೇಜ್ ಬಂದು ಫೋನ್ ಸ್ವಿಚ್ ಆಫ್ ಆದರೆ ನೀವು ಏನೂ ಮಾಡಲಾಗದೆ ಕೂರಬೇಕಾಗುತ್ತದೆ.

ಒಂದು ಗ್ರೂಪಿಗೆ ಹತ್ತು ಜನ ಮೇಲ್ಮಿತಿ, ಅಡ್ಮಿನ್ ಇಬ್ಬರು. ಇಬ್ಬರೂ ಚೇತರಿಕೆಯಲ್ಲಿ ಗಟ್ಟಿಯಾಗಿ ನಿಂತವರಾಗಿರಬೇಕು, ಅಥವಾ ಕಾಯಿಲೆ ಇಲ್ಲದವರಾಗಿರಬೇಕು. ಬೆಳಿಗ್ಗೆ 7ರಿಂದ ರಾತ್ರಿ 9.30 ಮಾತ್ರ ಉತ್ತರ ಎಂದು ಪಿನ್ ಮಾಡಿ, ಆಮೇಲೆ ‘ಅಡ್ಮಿನ್ ಮಾತ್ರ ಬರೆಯಬಹುದು’ ಸೆಟ್ಟಿಂಗ್ ಹಾಕಿ. ಆ ಪಿನ್ ಮೆಸೇಜಿನಲ್ಲೇ ಟೆಲಿ ಮಾನಸ್ 14416 ಬರೆದಿರಲಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ. 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಸದಸ್ಯರು ತಮ್ಮತಮ್ಮಲ್ಲೇ ಖಾಸಗಿ ಚಾಟ್ ಶುರು ಮಾಡಿದರೆ ಕಾಯಿಲೆ ಅಲ್ಲಿಗೆ ವಾಸ ಬದಲಾಯಿಸುತ್ತದೆ. ತೀರಾ ಬಳಲಿದ ಇಬ್ಬರು ಜೊತೆಯಾಗಿ ಊಟ ಬಿಡುವ ಒಪ್ಪಂದ ಮಾಡಿಕೊಳ್ಳುವುದು ಅಪರೂಪವಲ್ಲ. ಖಾಸಗಿ ಮಾತು ಅಡ್ಮಿನ್ ಜೊತೆ ಮಾತ್ರ ಎಂದಿಡಿ. ಪ್ರೊಟೀನ್ ಪೌಡರ್, ತೂಕ ಇಳಿಸುವ ಶೇಕ್ ಮಾರುವವರು ‘ವೆಲ್‌ನೆಸ್ ಕೋಚ್’ ಹೆಸರಿನಲ್ಲಿ ಸೇರಲು ನೋಡುತ್ತಾರೆ. ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಕಡ್ಡಾಯ ಮಾಡಿ, ಲಿಂಕ್ ಎಲ್ಲಿಯೂ ಹಂಚಬೇಡಿ.

ವಾರ್ಡ್ ಸಿಸ್ಟರ್

ಆಸ್ಪತ್ರೆಗೆ ಯಾವಾಗ ಎನ್ನುವ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಇದರಲ್ಲಿ ಒಂದಿದ್ದರೂ ಅದೇ ದಿನ ಕ್ಯಾಶುವಾಲ್ಟಿಗೆ ಹೋಗಬೇಕು, ‘ನಾಳೆ ನೋಡೋಣ’ ಬೇಡ: ಎಚ್ಚರ ತಪ್ಪುವುದು, ಎದೆನೋವು, ಎದೆ ಬಡಿತ ತಪ್ಪಿದ ಹಾಗೆ ಆಗುವುದು, ಎಚ್ಚರವಾಗಿರುವಾಗ ನಾಡಿ ನಿಮಿಷಕ್ಕೆ 40ಕ್ಕಿಂತ ಕಡಿಮೆ, ಫಿಟ್ಸ್, ಮಾತು ಗೊಂದಲ, ವಾಂತಿಯಲ್ಲಿ ರಕ್ತ, ಕಪ್ಪು ಮಲ, ನೀರು ಕೂಡ ಇಳಿಯದಿರುವುದು, ಬದುಕು ಬೇಡ ಎನ್ನುವ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಡೋಸ್ ತಪ್ಪಿಸುತ್ತಿದ್ದಾರೆ ಎಂಬ ಸುಳಿವು ಸಿಕ್ಕರೂ ಅಷ್ಟೇ ತುರ್ತು. ಆಂಬುಲೆನ್ಸಿಗೆ 108.

ನಾಡಿ ನೋಡುವ ರೀತಿ: ಐದು ನಿಮಿಷ ಮಲಗಿದ್ದು, ಆಮೇಲೆ ಪೂರ್ತಿ 60 ಸೆಕೆಂಡ್ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಿದ ಬಡಿತ ಸಿಗುವುದಿಲ್ಲ. ಆಮೇಲೆ ಎದ್ದು ನಿಂತು ಮತ್ತೆ ಎಣಿಸಿ. ನಿಂತಾಗ 30ಕ್ಕಿಂತ ಹೆಚ್ಚು ಏರಿದರೆ, ಅಥವಾ ಕಣ್ಣು ಕತ್ತಲೆ ಬಂದರೆ, ದೇಹದಲ್ಲಿ ನೀರೂ ಶಕ್ತಿಯೂ ಕುಸಿದಿದೆ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ: ಕುಕ್ಕುರುಗಾಲಿನಲ್ಲಿ ಕೂತು ಕೈ ಊರದೆ, ಏನನ್ನೂ ಹಿಡಿಯದೆ ಏಳಲು ಹೇಳಿ. ಆಗದಿದ್ದರೆ ಸ್ನಾಯು ಕರಗಿದೆ ಎಂದರ್ಥ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಈ ಅಂಕಿಗಳು ಗ್ರೂಪಿಗಲ್ಲ, ಅಡ್ಮಿನ್ ಮತ್ತು ಮನೆಯವರಿಗೆ ಮಾತ್ರ.

ವಾಂತಿ ಮಾಡುವವರು, ಭೇದಿ ಮಾತ್ರೆ ಬಳಸುವವರು ನೋಡಲು ಚೆನ್ನಾಗಿಯೇ ಇರುತ್ತಾರೆ, ತೂಕವೂ ಸಾಮಾನ್ಯ ಇರಬಹುದು. ಅವರಿಗೆ ಅಪಾಯ ಪೊಟ್ಯಾಸಿಯಂನದು. ಅದು ಇಳಿದರೆ ಹೃದಯದ ಲಯ ತಪ್ಪುತ್ತದೆ, ಮುನ್ಸೂಚನೆ ಇಲ್ಲದೆಯೂ ಆಗಬಹುದು. ಹಾಗಾಗಿ ‘ಸಣ್ಣಗಿಲ್ಲವಲ್ಲ, ಇವರಿಗೇನೂ ಆಗಿಲ್ಲ’ ಎಂಬ ಮಾತನ್ನು ಯಾರೂ ಆಡಬಾರದು. ವಾಂತಿ ಆದ ಕೂಡಲೇ ಹಲ್ಲುಜ್ಜಬೇಡಿ ಎಂದೂ ಹೇಳಿ. ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಮೆದು ಮಾಡಿರುತ್ತದೆ, ಬ್ರಷ್ ಅದನ್ನು ಉಜ್ಜಿ ತೆಗೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಒಂದು ಗಂಟೆ ಬಿಡಬೇಕು.

ಈಗ ನಮ್ಮ ಕಡೆ ಎಲ್ಲರೂ ಮಾಡುವ ಒಂದು ಕೆಲಸದ ಬಗ್ಗೆ. ಸುಸ್ತು ಎಂದ ಕೂಡಲೇ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು’ ಬರುವುದು. ಬಹಳ ದಿನ ಊಟ ಬಿಟ್ಟವರಿಗೆ ಇದು ಅಪಾಯ. ಉಪವಾಸದಲ್ಲಿ ದೇಹ ಕೊಬ್ಬಿನ ಮೇಲೆ ನಡೆಯುತ್ತಿರುತ್ತದೆ. ಸಕ್ಕರೆ ಒಮ್ಮೆಲೇ ಬಂದಾಗ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದ ಒಳಗೆ ಹೋಗಿಬಿಡುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯ, ಉಸಿರಾಟ ಎರಡಕ್ಕೂ ಪೆಟ್ಟು. ಥಯಾಮಿನ್ (ವಿಟಮಿನ್ ಬಿ1) ಖಾಲಿ ಇದ್ದರೆ ಮೆದುಳಿಗೂ ಹಾನಿ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಊಟ ಮತ್ತೆ ಶುರುವಾದ ಮೊದಲ ಕೆಲವು ದಿನ ಹೆಚ್ಚು ಅಪಾಯ. ಕಾಲು ಊದುವುದು, ಉಸಿರು ಕಟ್ಟುವುದು, ಗೊಂದಲ ಕಂಡರೆ ಕೂಡಲೇ ಆಸ್ಪತ್ರೆಗೆ. ಆದ್ದರಿಂದಲೇ ಗ್ರೂಪಿನಲ್ಲಿ ಯಾರೂ ಯಾರಿಗೂ ‘ಇಂದಿನಿಂದ ಇಷ್ಟು ತಿನ್ನು’ ಎಂದು ಡಯಟ್ ಬರೆದುಕೊಡಬಾರದು. ತೀರಾ ಸೊರಗಿದವರ ಊಟ ಏರಿಸುವುದು ಡಾಕ್ಟರ ಲೆಕ್ಕದಲ್ಲೇ ಆಗಬೇಕು.

ಪ್ರತಿ ಸದಸ್ಯರ ಪರ್ಸಿನಲ್ಲಿ ಒಂದು ಚೀಟಿ ಇರಲಿ. ‘ಈಟಿಂಗ್ ಡಿಸಾರ್ಡರ್ ಇದೆ. ಇಷ್ಟು ದಿನದಿಂದ ಊಟ ತೀರಾ ಕಡಿಮೆ. ದಯವಿಟ್ಟು ಸೋಡಿಯಂ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಶುಗರ್, ಇಸಿಜಿ ನೋಡಿ. ಗ್ಲೂಕೋಸ್ ಕೊಡುವುದಾದರೆ ಥಯಾಮಿನ್ ಜೊತೆಗೆ ಕೊಡಿ.’ ಶುಗರ್ ತೀರಾ ಇಳಿದಿದ್ದರೆ ಗ್ಲೂಕೋಸ್ ತಡ ಮಾಡುವಂತಿಲ್ಲ, ಅದು ಡಾಕ್ಟರಿಗೆ ಗೊತ್ತು. ಚೀಟಿಯ ಕೆಲಸ ಅವರಿಗೆ ಕಾಯಿಲೆಯ ಹೆಸರು ತಿಳಿಸುವುದು. ಕ್ಯಾಶುವಾಲ್ಟಿಯಲ್ಲಿ ರೋಗಿ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಮಾತು ನೆನಪಿರಲಿ: ರಕ್ತದ ರಿಪೋರ್ಟ್ ನಾರ್ಮಲ್ ಬಂದಿತೆಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ಸಾಕಷ್ಟು ಜನರಲ್ಲಿ ಕೊನೆಯ ತನಕ ನಾರ್ಮಲ್ಲೇ ಇರುತ್ತದೆ.

ಬೇತ್ರಿ ಹೊಳೆ

ಸಿಸ್ಟರ್, ಚೀಟಿಯ ವಿಷಯ ಇವತ್ತೇ ಎಲ್ಲರಿಗೂ ತಿಳಿಸುತ್ತೇನೆ. ಗುರುತು ಮುಚ್ಚಿಡುವುದು, ಮಳೆಗಾಲ, ಈ ಎರಡಕ್ಕೆ ಯಾರಾದರೂ ದಾರಿ ಹೇಳಿ.

ಬ್ರಹ್ಮಗಿರಿ ತಪ್ಪಲು

ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತದೆ. ನಂಬರನ್ನು ಟ್ರೂಕಾಲರ್‌ಗೆ ಹಾಕಿದರೆ ಮನೆಹೆಸರು ಸಮೇತ ಬರುತ್ತದೆ. ಕೊಡಗಿನಲ್ಲಿ ಅಷ್ಟು ಸಾಕು, ಒಕ್ಕ (ಮನೆತನ) ಗೊತ್ತಾದರೆ ಊರೂ ಗೊತ್ತು, ಅತ್ತೆಯ ಮನೆಯೂ ಗೊತ್ತು. ಆದ್ದರಿಂದ ನಂಬರ್ ಮುಚ್ಚಬಲ್ಲ ಆ್ಯಪ್ ಬಳಸಿ. ಟೆಲಿಗ್ರಾಂನಲ್ಲಿ ಪ್ರೈವಸಿಗೆ ಹೋಗಿ ಫೋನ್ ನಂಬರ್ ‘ಯಾರಿಗೂ ಬೇಡ’ ಎಂದು ಇಡಿ, ನಂಬರ್ ಮೂಲಕ ಹುಡುಕುವುದನ್ನೂ ‘ನನ್ನ ಕಾಂಟ್ಯಾಕ್ಟ್ಸ್’ಗೆ ಇಳಿಸಿ, ಕಾಂಟ್ಯಾಕ್ಟ್ ಸಿಂಕ್ ನಿಲ್ಲಿಸಿ. ಸಿಗ್ನಲ್‌ನಲ್ಲಿ 2024ರಿಂದ ಯೂಸರ್‌ನೇಮ್ ಸೌಲಭ್ಯ ಇದೆ, ಬೇರೆ ಸದಸ್ಯರಿಗೆ ನಂಬರ್ ಕೊಡದೆ ಗ್ರೂಪ್ ಸೇರಬಹುದು. ನನ್ನ ಮತ ಸಿಗ್ನಲ್‌ಗೆ. ಟೆಲಿಗ್ರಾಂನ ಗ್ರೂಪ್ ಚಾಟ್ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಅಲ್ಲ (ಸದಸ್ಯರ ಫೋನಿನಲ್ಲಷ್ಟೇ ಓದಲಾಗುವ ಹಾಗೆ ಮುಚ್ಚಿರುವುದಿಲ್ಲ), ಜೊತೆಗೆ ಅಲ್ಲಿ ಹುಡುಕಿದರೆ ಕಾಯಿಲೆಯನ್ನೇ ಹೊಗಳುವ ಚಾನೆಲ್‌ಗಳು ಸಿಗುತ್ತವೆ.

ವಾಟ್ಸಾಪೇ ಬೇಕು ಎಂದು ಎಲ್ಲರೂ ಹಟ ಹಿಡಿದರೆ ಗ್ರೂಪಿಗೆ ಏನೂ ಅರ್ಥ ಬಾರದ ಹೆಸರಿಡಿ, ‘ಸೋಮವಾರ ಪುಸ್ತಕ’ ಎಂಬಂಥದ್ದು. ಅಮ್ಮ ಫೋನ್ ನೋಡಿದರೂ ಪ್ರಶ್ನೆ ಏಳಬಾರದು. ನೋಟಿಫಿಕೇಷನ್‌ನಲ್ಲಿ ಮೆಸೇಜಿನ ಸಾಲು ಕಾಣದ ಹಾಗೆ ಮಾಡಿ. ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಆನ್ ಮಾಡಿದರೆ ಚಾಟ್ ಎಕ್ಸ್‌ಪೋರ್ಟ್ ಆಗುವುದಿಲ್ಲ, ಆದರೆ ಸ್ಕ್ರೀನ್‌ಶಾಟ್ ತಡೆಯುವುದಿಲ್ಲ. ಇದನ್ನು ಸೇರುವಾಗಲೇ ಎಲ್ಲರಿಗೂ ಹೇಳಬೇಕು. ಮಾಯವಾಗುವ ಮೆಸೇಜ್ 7 ದಿನಕ್ಕೆ ಇಡಿ, 24 ಗಂಟೆಗೆ ಬೇಡ. ಯಾರಾದರೂ ಅಪಾಯದ ಮಾತು ಬರೆದಿದ್ದರೆ ಮರುದಿನ ನೋಡಲು ನಿಮಗೆ ಅದು ಇರಬೇಕು.

ಮಳೆಗಾಲಕ್ಕೆ ಜೂನ್‌ಗೆ ಮೊದಲೇ ತಯಾರಿ ಮಾಡಿ. ವಿಡಿಯೋ ಕಾಲ್ ನಂಬಬೇಡಿ. ಕಂಬ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ ಬರುತ್ತದೆ, ಆಮೇಲೆ ಅದೂ ಇಲ್ಲ. ಡೇಟಾ ಹೋದರೂ ಸಾಮಾನ್ಯ ಕರೆ ಸ್ವಲ್ಪ ಹೊತ್ತು ನಡೆಯುತ್ತದೆ. ಹಾಗಾಗಿ ಆಡಿಯೋ ಕಾನ್ಫರೆನ್ಸ್ ಕಾಲ್‌ಗೆ ಈಗಲೇ ಅಭ್ಯಾಸ ಮಾಡಿಸಿ. ಒಂದು ಸಿಮ್ ಬಿಎಸ್‌ಎನ್‌ಎಲ್, ಇನ್ನೊಂದು ಬೇರೆ ಕಂಪನಿಯದು ಇದ್ದರೆ ಒಳ್ಳೆಯದು. ತೋಟದ ಒಳಗಿನ ಮನೆಯವರಿಗೆ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಊಟದ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲಬೇಕಾದರೆ ಅವರು ಊಟವನ್ನೇ ಬಿಡುತ್ತಾರೆ. ಅಂಥವರಿಗೆ ಮನೆಯಲ್ಲೇ ಒಬ್ಬರನ್ನು ಜೊತೆ ಕೂರುವವರಾಗಿ ಗೊತ್ತು ಮಾಡಿ. ಎರಡು ದಿನ ಒಬ್ಬರ ಸದ್ದಿಲ್ಲದಿದ್ದರೆ ತುರ್ತು ನಂಬರಿಗೆ ಅಡ್ಮಿನ್ ಫೋನ್ ಮಾಡುವುದು ಎಂದು ಮೊದಲೇ ಒಪ್ಪಿಗೆ ಪಡೆಯಿರಿ. ನೆಟ್‌ವರ್ಕ್ ಇಲ್ಲದ್ದೋ, ಮನುಷ್ಯರೇ ಮೌನವಾದದ್ದೋ ಬೇರೆ ರೀತಿ ತಿಳಿಯುವುದಿಲ್ಲ.

ಅಕ್ಕಿರೊಟ್ಟಿ

ಡಯಟಿಷಿಯನ್ ಕಡೆಯಿಂದ. ಊಟದ ಕಾಲ್ ನಡೆಸುವ ಕ್ರಮ ಹೇಳುತ್ತೇನೆ. ಹೊತ್ತು ನಿಗದಿ ಇರಬೇಕು, ಉದಾಹರಣೆಗೆ ಬೆಳಿಗ್ಗೆ 8.30, ಮಧ್ಯಾಹ್ನ 1, ರಾತ್ರಿ 8. ಬಡಿಸಿಕೊಂಡು ತಟ್ಟೆ ಮುಂದಿಟ್ಟ ಮೇಲೆ ಕಾಲ್ ಸೇರಬೇಕು, ಕಾಲ್‌ನಲ್ಲಿ ‘ಏನು ಬಡಿಸಿಕೊಳ್ಳಲಿ’ ಎಂಬ ಚರ್ಚೆ ಇರಬಾರದು. ಮೊದಲ ಐದು ನಿಮಿಷ ಪ್ರತಿಯೊಬ್ಬರೂ ಒಂದು ಮಾತು: ಭಯ ಎಷ್ಟಿದೆ, ಇವತ್ತು ಕಷ್ಟ ಯಾವುದು. ಆಮೇಲೆ 30 ನಿಮಿಷ ಊಟ, ತಿಂಡಿಯಾದರೆ 15. ವಿಡಿಯೋ ಇದ್ದರೆ ಕ್ಯಾಮೆರಾ ಮುಖಕ್ಕೆ, ತಟ್ಟೆಗಲ್ಲ. ಮಾತು ಊಟದ್ದು ಆಗಬಾರದು. ಹಾಕಿ ಸ್ಕೋರು, ಕಾಫಿ ರೇಟು, ಧಾರಾವಾಹಿ, ಅಂತ್ಯಾಕ್ಷರಿ, ಏನಾದರೂ ಸರಿ. ಒಬ್ಬರು ನಿಧಾನವಾದರೆ ‘ತಿನ್ನಿ ತಿನ್ನಿ’ ಎನ್ನಬೇಡಿ. ‘ಮುಂದಿನ ತುತ್ತಿಗೆ ನಾನೂ ಜೊತೆಗಿದ್ದೇನೆ’ ಎನ್ನಿ. ಮುಗಿಸದಿದ್ದರೂ ಗದರಬೇಡಿ, ಮುಗಿಸಿದರೆ ‘ಶಭಾಷ್, ಪೂರ್ತಿ ತಿಂದೆ’ ಎಂದೂ ಹೊಗಳಬೇಡಿ. ತಿಂದದ್ದಕ್ಕೆ ಹೊಗಳಿದರೆ ಹಲವರ ತಲೆಯಲ್ಲಿ ಅದು ತಪ್ಪು ಮಾಡಿದ ಭಾವನೆಯಾಗುತ್ತದೆ. ‘ಕಷ್ಟ ಇದ್ದರೂ ಕೂತಿದ್ದೀರಿ’ ಎಂದರೆ ಸಾಕು.

ಊಟದ ನಂತರದ ಒಂದು ಗಂಟೆ ಬಹಳ ಮುಖ್ಯ, ವಾಂತಿ ಮಾಡುವವರಿಗೆ ಇದೇ ಕೆಟ್ಟ ಹೊತ್ತು. ಕಾಲ್ ತೆರೆದೇ ಇಡಿ, ಕೈಗೆ ಕೆಲಸ ಕೊಡಿ: ಹೆಣಿಗೆ, ಬಣ್ಣ ಹಚ್ಚುವುದು, ಏಲಕ್ಕಿ ಬಿಡಿಸುವುದು. ಮನೆಯವರ ಜೊತೆ ಹೊರಗಿನ ಕೋಣೆಯಲ್ಲಿ ಕೂತಿರಲಿ. ನಡೆಯಲು ಹೋಗುವುದು ಬೇಡ, ಏಕೆಂದರೆ ಅದು ಬೇಗ ‘ತಿಂದದ್ದನ್ನು ಕಳೆಯುವ’ ನಡಿಗೆ ಆಗಿಬಿಡುತ್ತದೆ.

ದಿನಕ್ಕೆ ಮೂರು ಊಟ, ಎರಡು ಮೂರು ಸಣ್ಣ ತಿಂಡಿ, ಎರಡರ ನಡುವೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಇರಬಾರದು. ಬಿಂಜ್, ಅಂದರೆ ಒಮ್ಮೆಲೇ ತಿಂದುಬಿಡುವ ತೊಂದರೆ, ಇರುವವರಿಗೂ ಇದೇ. ಅವರು ಮಾಡುವ ಸಾಮಾನ್ಯ ತಪ್ಪು, ರಾತ್ರಿ ಹೆಚ್ಚು ತಿಂದೆ ಎಂದು ಮರುದಿನ ಬೆಳಗಿನ ತಿಂಡಿ ಬಿಡುವುದು. ಸಂಜೆಗೆ ಹಸಿವು ಸೇಡು ತೀರಿಸಿಕೊಳ್ಳುತ್ತದೆ, ಮತ್ತೆ ಅದೇ ಸುತ್ತು. ಬಿಂಜ್ ಆದರೂ ಮುಂದಿನ ಊಟ ಅದರ ಹೊತ್ತಿಗೇ ಆಗಬೇಕು. ತಲೆಯಲ್ಲಿ ಸದಾ ಊಟದ ವಿಚಾರ, ರೆಸಿಪಿ ನೋಡುತ್ತಾ ಕೂರುವುದು, ಸಿಡುಕು, ಚಳಿ, ಇವು ಮನಸ್ಸಿನ ದೌರ್ಬಲ್ಯವಲ್ಲ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರ ಊಟ ಆರು ತಿಂಗಳು ತಗ್ಗಿಸಿ ನೋಡಿದ್ದರು. ಈ ಎಲ್ಲ ಲಕ್ಷಣ ಅವರಲ್ಲೂ ಬಂದವು. ಮರಳಿ ಊಟ ಕೊಟ್ಟ ಮೇಲೂ ಸರಿಹೋಗಲು ತಿಂಗಳುಗಳೇ ಹಿಡಿದವು. ಆ ಯುವಕರು ಕಾಫಿ ಕುಡಿಯುವುದು ಎಷ್ಟು ಹೆಚ್ಚಿತೆಂದರೆ ಅದಕ್ಕೆ ಮಿತಿ ಹಾಕಬೇಕಾಯಿತು. ಇದನ್ನು ನಮ್ಮ ಜಿಲ್ಲೆಯವರು ಗಮನಿಸಬೇಕು. ತೋಟದ ಮನೆಯಲ್ಲಿ ಯಾರಾದರೂ ದಿನಕ್ಕೆ ಐದಾರು ಲೋಟ ಬರೀ ಬೆಲ್ಲದ ಕಾಫಿ ಕುಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಊಟದ ಜಾಗಕ್ಕೆ ಕಾಫಿ ಬಂದು ಕೂತಿರುತ್ತದೆ. ಕಾಫಿ ಬಿಡಿಸಬೇಕಿಲ್ಲ. ತಿಂಡಿಯ ನಂತರ, ಹಾಲು ಹಾಕಿ, ಎಂದಿಡಿ.

ಹಬ್ಬದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವುದು ರಾತ್ರಿಯ ಮುಹೂರ್ತಕ್ಕೆ, ಊಟ ಆಮೇಲೆ. ಮಧ್ಯಾಹ್ನದ ಊಟಕ್ಕೂ ಅದಕ್ಕೂ ಏಳೆಂಟು ಗಂಟೆ ಅಂತರ ಬೀಳುತ್ತದೆ. ಒಬ್ಬರಿಗೆ ಅದು ಊಟ ಬಿಡುವ ನೆಪ, ಇನ್ನೊಬ್ಬರಿಗೆ ತಂಬುಟ್ಟಿನ ಪಾತ್ರೆಯ ಮುಂದೆ ಹಿಡಿತ ತಪ್ಪುವ ಗಳಿಗೆ. ಸಂಜೆ 4ಕ್ಕೊಂದು, 6.30ಕ್ಕೊಂದು ತಿಂಡಿ ಖಡಾಖಂಡಿತ ಆಗಬೇಕು. ಮದುವೆ ಮಂಟಪದಲ್ಲಿ ‘ಏನ್ ಇಷ್ಟು ಸಣ್ಣಗಾಗಿದ್ದೀಯ’, ‘ಈಗ ಮೈ ತುಂಬಿದೆ, ಚೆನ್ನಾಗ್ ಕಾಣ್ತೀಯ’ ಎರಡೂ ಒಂದೇ ಪೆಟ್ಟು. ಉತ್ತರ ಮೊದಲೇ ಅಭ್ಯಾಸ ಮಾಡಿಸಿ: ‘ಇರಲಿ ಆಂಟಿ, ಅಜ್ಜಿ ಎಲ್ಲಿದ್ದಾರೆ, ನೋಡಿ ಬರ್ತೀನಿ.’ ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸ, ಈಸ್ಟರ್‌ಗೆ ಮುಂಚಿನ ಉಪವಾಸ ಇವುಗಳಿಗೂ ಮುಂಚೆಯೇ ಮಾತಾಡಿ. ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು ಅವರ ಗುರುಗಳ, ಉಸ್ತಾದರ, ಫಾದರ್ ಬಾಯಿಯಿಂದಲೇ ಕೇಳಿಸಿದರೆ ಮನಸ್ಸಿಗೆ ಸಮಾಧಾನ.

ಮೈದಾನ

ಕ್ರೀಡಾ ತರಬೇತಿ ಕಡೆಯಿಂದ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಹಾಕಿ, ಓಟ ಎಂದು ಸಣ್ಣ ವಯಸ್ಸಿನಲ್ಲೇ ಹಾಸ್ಟೆಲ್ ಸೇರುವ ಹುಡುಗಿಯರು ಬಹಳ. ಅಭ್ಯಾಸಕ್ಕೆ ತಕ್ಕ ಊಟ ಸಿಗದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟು ಮಾರ್ಗಸೂಚಿ ಕೊಟ್ಟಿದೆ. ಮುಟ್ಟು ಮೂರು ತಿಂಗಳು ತಪ್ಪಿದರೆ ‘ಪ್ರಾಕ್ಟೀಸ್ ಜಾಸ್ತಿ, ಹಾಗಾಗುತ್ತೆ’ ಎಂದು ಬಿಡಬಾರದು. ನಾಡಿ ನಿಧಾನ ಇದ್ದರೆ ‘ಅಥ್ಲೀಟ್ ಅಲ್ವಾ’ ಎನ್ನುವುದು ಇನ್ನೊಂದು ಮೋಸ. ಊಟವೂ ಕಡಿಮೆ ಇದ್ದರೆ ಅದು ಫಿಟ್‌ನೆಸ್ ಅಲ್ಲ. ಎಲ್ಲರ ಮುಂದೆ ತೂಕ ನೋಡಿ ಬೋರ್ಡಿನಲ್ಲಿ ಬರೆಯುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ಈ ಹುಡುಗಿಯರಲ್ಲಿ ಹೆಚ್ಚಿನವರು 18ರ ಒಳಗಿನವರು. ಅವರನ್ನು ದೊಡ್ಡವರ ಗ್ರೂಪಿಗೆ ಸೇರಿಸಬೇಡಿ. ಆ ವಯಸ್ಸಿನಲ್ಲಿ ಚೆನ್ನಾಗಿ ಕೆಲಸ ಮಾಡುವುದು ಅಪ್ಪ ಅಮ್ಮನೇ ಊಟದ ಜವಾಬ್ದಾರಿ ಹೊರುವ ಕುಟುಂಬ ಚಿಕಿತ್ಸೆ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಗ್ರೂಪ್ ಬೇಕಾದರೆ ಪೋಷಕರದ್ದು ಮಾಡಿ.

ಅನೊರೆಕ್ಸಿಯಾದವರನ್ನೂ ಬಿಂಜ್‌ನವರನ್ನೂ ಒಂದೇ ಗ್ರೂಪಿನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಪರಸ್ಪರ ಹೋಲಿಸಿಕೊಂಡು ಇಬ್ಬರೂ ಕುಗ್ಗುತ್ತಾರೆ.

ಕೋಟೆಬೆಟ್ಟ

ಮೈದಾನ ಸರ್, ದೊಡ್ಡ ಊರಿನಲ್ಲಾದರೆ ಬೇರೆ ಮಾಡಬಹುದು. ಇಲ್ಲಿ ಏಳು ಜನರನ್ನು ಎರಡು ಮಾಡಿದರೆ ಎರಡೂ ನಿಲ್ಲುವುದಿಲ್ಲ. ಬರಹದ ಗ್ರೂಪ್ ಒಂದೇ ಇರಲಿ, ಊಟದ ಕಾಲ್ ಮಾತ್ರ ಎರಡು. ಅಂಕಿಯ ನಿಯಮ ಗಟ್ಟಿ ಇದ್ದರೆ ಹೋಲಿಕೆಗೆ ಸಿಗುವುದು ಕಡಿಮೆ. ಆದರೆ ತೂಕದ ಚಿಂತೆಯೇ ಇಲ್ಲದೆ, ಆಹಾರದ ವಾಸನೆ, ಮೆದುತನ, ಗಂಟಲಿಗೆ ಸಿಕ್ಕೀತೆಂಬ ಭಯದಿಂದ ತಿನ್ನಲಾಗದ ಆರ್ಫಿಡ್‌ನವರು ಬಂದರೆ ನೀವು ಹೇಳಿದ್ದೇ ಸರಿ, ಅವರಿಗೆ ಈ ಗ್ರೂಪಿನ ಮಾತು ತಾಗುವುದೇ ಇಲ್ಲ.

ಬಿಂಜ್‌ನವರಿಗೆ, ಬುಲಿಮಿಯಾದವರಿಗೆ (ಒಮ್ಮೆಲೇ ತಿಂದು ಆಮೇಲೆ ವಾಂತಿ ಮುಂತಾದ್ದು ಮಾಡುವವರು) ಇನ್ನೊಂದು ಒಳ್ಳೆಯ ದಾರಿ ಇದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಮೊದಲು ಸೂಚಿಸುವುದೇ ಮಾರ್ಗದರ್ಶಿತ ಸ್ವಸಹಾಯ: ಒಂದು ಕೈಪಿಡಿ, ಜೊತೆಗೆ 16 ವಾರದಲ್ಲಿ 20 ನಿಮಿಷದ 4ರಿಂದ 9 ಭೇಟಿ. ಇದು ಫೋನಿನಲ್ಲೂ ಆಗುವಂಥದ್ದು. ತಿಳಿದ ಮನಶ್ಶಾಸ್ತ್ರಜ್ಞರೊಬ್ಬರನ್ನು ಒಪ್ಪಿಸಿದರೆ ಆ ಮೂವರಿಗೂ ಮೈಸೂರಿಗೆ ಪದೇಪದೇ ಓಡಾಟ ತಪ್ಪುತ್ತದೆ.

ಬೇತ್ರಿ ಹೊಳೆ

ಕಾಲ್ ಎರಡು ಮಾಡುತ್ತೇವೆ. ಕೊನೆಯದಾಗಿ, ಆ ‘ಗ್ಯಾಸ್ಟ್ರಿಕ್’ ಇಬ್ಬರು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ತುಂಬಿದ ಹಾಗೆ, ಅದಕ್ಕೇ ತಿನ್ನಲ್ಲ ಎನ್ನುತ್ತಾರೆ. ದಪ್ಪ ಆಗುವ ಭಯ ಇಲ್ಲವಂತೆ. ಅವರನ್ನು ಹೇಗೆ ಕರೆದುಕೊಂಡು ಹೋಗುವುದು, ಎಲ್ಲಿಗೆ?

ವಾರ್ಡ್ ಸಿಸ್ಟರ್

ಅವರು ಸುಳ್ಳು ಹೇಳುತ್ತಿಲ್ಲ ಎಂಬಲ್ಲಿಂದ ಶುರು ಮಾಡಿ. ಊಟ ಬಹಳ ದಿನ ಕಡಿಮೆಯಾದರೆ ಜಠರ ಖಾಲಿಯಾಗುವುದೇ ನಿಧಾನವಾಗುತ್ತದೆ, ಉಬ್ಬರ ನಿಜವಾದದ್ದು. ಗ್ಯಾಸಿನ ಮಾತ್ರೆಯಿಂದ ಅದು ಹೋಗುವುದಿಲ್ಲ, ಹೊತ್ತಿಗೆ ಸರಿಯಾಗಿ ತಿನ್ನುತ್ತಾ ಬಂದರೆ ಕೆಲವು ವಾರದಲ್ಲಿ ಇಳಿಯುತ್ತದೆ. ನಮ್ಮ ದೇಶದಲ್ಲಿ ಅನೊರೆಕ್ಸಿಯಾ ಇರುವವರಲ್ಲಿ ದಪ್ಪದ ಭಯವನ್ನು ಬಾಯಿಬಿಟ್ಟು ಹೇಳದೆ ಹೊಟ್ಟೆಯ ತೊಂದರೆಯನ್ನೇ ಹೇಳುವವರು ಸಾಕಷ್ಟು ಇದ್ದಾರೆ. ಆದರೆ ನಿಜವಾಗಿ ಹೊಟ್ಟೆಯ ಕಾಯಿಲೆ, ಥೈರಾಯ್ಡ್, ಟಿಬಿ ಇರಬಹುದಲ್ಲ, ಅದನ್ನೂ ನೋಡಲೇಬೇಕು. ಆದ್ದರಿಂದ ‘ನಿನಗೆ ಮಾನಸಿಕ’ ಎಂದು ಕರೆದುಕೊಂಡು ಹೋಗಬೇಡಿ. ‘ಉಬ್ಬರಕ್ಕೆ ಕಾರಣ ಹುಡುಕೋಣ, ಎರಡೂ ಕಡೆ ತೋರಿಸೋಣ’ ಎನ್ನಿ.

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮೆಡಿಸಿನ್, ಸೈಕಿಯಾಟ್ರಿ ಎರಡೂ ಒಂದೇ ಕಡೆ ಸಿಗುತ್ತವೆ, ಒಂದೇ ದಿನದಲ್ಲಿ ಮುಗಿಸಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇರುತ್ತದೆ, ಯಾವ ಮಂಗಳವಾರ ಎಂದು ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ದಾಖಲಾಗಬೇಕಾದ ಸ್ಥಿತಿ ಬಂದರೆ ಮೈಸೂರಿನ ದೊಡ್ಡ ಆಸ್ಪತ್ರೆಗಳು, ಬೆಂಗಳೂರಿನ ನಿಮ್ಹಾನ್ಸ್. ವಿಮೆ ಇದ್ದರೆ ಕೇಳಿ ಪಡೆಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಇದಕ್ಕೂ ವಿಮೆ ಕೊಡಬೇಕು. ವಿಷಯ ಗುಟ್ಟಾಗಿರಬೇಕು ಎನ್ನುವುದೂ ಅದೇ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿದೆ. ‘ಊರಿಗೆಲ್ಲ ಗೊತ್ತಾಗುತ್ತೆ’ ಎಂದು ಹಿಂಜರಿಯುವ ಮನೆಯವರಿಗೆ ಇದನ್ನು ಹೇಳಿ.

ಒಪಿಡಿಯಲ್ಲಿ ಸಿಗುವುದು ಐದು ನಿಮಿಷ. ಹೋಗುವ ಮೊದಲು ಅರ್ಧ ಹಾಳೆಯಲ್ಲಿ ಬರೆದುಕೊಳ್ಳಿ: ಊಟ ಯಾವಾಗಿನಿಂದ ಕಡಿಮೆ, ಯಾವ ಆಹಾರ ಬಿಟ್ಟಿದ್ದು, ತೂಕ ಎಷ್ಟು ತಿಂಗಳಲ್ಲಿ ಹೇಗೆ ಬದಲಾಯಿತು, ಮುಟ್ಟು ಕೊನೆಯದಾಗಿ ಯಾವಾಗ, ತಲೆಸುತ್ತು, ಚಳಿ, ಕೂದಲು ಉದುರುವುದು, ಮಲಬದ್ಧತೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ಹಳೆಯ ಎಂಡೋಸ್ಕೋಪಿ, ಸ್ಕ್ಯಾನ್ ರಿಪೋರ್ಟ್ ಇದ್ದರೆ ತೆಗೆದುಕೊಂಡು ಹೋಗಿ, ಅದನ್ನೇ ಮತ್ತೆ ಮಾಡಿಸುವ ಖರ್ಚು ಉಳಿಯುತ್ತದೆ. ಮನೆಯವರು ಜೊತೆಗೆ ಇರಲಿ, ಆದರೆ ಡಾಕ್ಟರ್ ಹತ್ತಿರ ಎರಡು ನಿಮಿಷ ರೋಗಿಯೊಬ್ಬರೇ ಮಾತಾಡಲು ಬಿಡಿ ಎಂದು ಚೀಟಿ ಬರೆಸುವಾಗಲೇ ಸಿಸ್ಟರ್‌ಗೆ ಹೇಳಿಡಿ. ಬೆಳಿಗ್ಗೆ ತಿಂಡಿ ತಿಂದೇ ಹೊರಡಿ. ಖಾಲಿ ಹೊಟ್ಟೆಯ ಪರೀಕ್ಷೆ ಎಂದು ಯಾರೂ ಹೇಳದೆ ಇದ್ದರೂ ‘ರಕ್ತ ಪರೀಕ್ಷೆ ಇದೆಯಲ್ಲ’ ಎಂದು ಊಟ ಬಿಟ್ಟು ಬರುತ್ತಾರೆ. ಪೊಟ್ಯಾಸಿಯಂ, ಫಾಸ್ಫೇಟ್, ಇಸಿಜಿ ಯಾವುದಕ್ಕೂ ಅದು ಬೇಕಾಗಿಲ್ಲ.